ಬಾಗಿಲ ಹಿಂದಿನ ಮಂಗಳವಾರಗಳು

ಕಿರಿಮಂಜೇಶ್ವರ
೧೪ ಅಕ್ಟೋಬರ್ ೨೦೧೨, ಭಾನುವಾರ

ರಾಜೀವರಿಗೆ ಪ್ರೇಮಾನಂದನ ನಮಸ್ಕಾರ.

ಅದಿರಲಿ, ಅವಳು ಹಾಡುತ್ತಿದ್ದದ್ದು ಯಾವ ಹಾಡು ಎಂದು ನೀವು ಕೊನೆಗೂ ಹೇಳಲಿಲ್ಲ. ನಿನ್ನೆ ಬಸ್ಸು ಬಂತೆಂದು ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದಿರಿ. ಮಳೆಗಾಲದಲ್ಲಿ ಗದ್ದೆಯ ಅಂಚಿನ ಮೇಲೆ ರಕ್ತದ ಸ್ಲೈಡಿನ ಪೆಟ್ಟಿಗೆ ಹಿಡಿದು ನಡೆಯುವಾಗ ರತ್ನ ಸಿಸ್ಟರು ಸಣ್ಣ ದನಿಯಲ್ಲಿ ಹಾಡುತ್ತಿದ್ದರು, ಜಾರುವ ಹೆದರಿಕೆ ಮರೆಯಲಿಕ್ಕೆ, ಎಂದಿರಿ. ಇಪ್ಪತ್ತೊಂಬತ್ತು ವರ್ಷ ಅವಳ ಜೊತೆ ಒಂದೇ ಮಾಡಿನ ಕೆಳಗೆ ಇದ್ದವನು ನಾನು. ಅವಳು ಹಾಡಿದ್ದನ್ನು ಒಂದು ದಿನವೂ ಕೇಳಿಲ್ಲ. ನೀವು ಕೇಳಿದ್ದೀರಿ. ಅದನ್ನು ನನ್ನ ಜಗಲಿಯ ಮೇಲೆ ಕೂತು, ನಾನು ಮಾಡಿಕೊಟ್ಟ ಚಾ ಕುಡಿಯುತ್ತ, ಮಳೆ ಬೆಳೆಯ ವಿಷಯ ಹೇಳಿದ ಹಾಗೆ ಹೇಳಿ ಹೋದಿರಿ. ರಾತ್ರಿಯೆಲ್ಲ ನನ್ನ ಹೊಟ್ಟೆ ಉರಿದದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. ಈಗ ಮಧ್ಯಾಹ್ನದ ಊಟ ಮುಗಿಸಿ ಬರೆಯಲು ಕೂತಿದ್ದೇನೆ. ಇನ್ನೂ ಆರಿಲ್ಲ.

ಇನ್ನೊಂದು. ನೀವು ಬಂದದ್ದು ಅವಳ ನಕಾಶೆ ಕೇಳಲಿಕ್ಕೆ. ಬ್ರಹ್ಮಾವರದಲ್ಲಿ ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಹಳೆಯ ಕಾಲದ ಆರೋಗ್ಯ ಇಲಾಖೆಯ ಕೆಲಸದ ಬಗ್ಗೆ ಎರಡು ಮಾತಾಡಲು ನಿಮ್ಮನ್ನು ಕರೆದಿದ್ದಾರೆ. ತೊಂಬತ್ತೇಳರಲ್ಲಿ ರತ್ನ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಜ್ವರದ ನಕಾಶೆ ಸಿಕ್ಕಿದರೆ ತೋರಿಸುತ್ತಿದ್ದೆ ಎಂದಿರಿ. ನಾನು ತಟ್ಟನೆ, ಗೆದ್ದಲು ತಿಂದುಹೋಯಿತು ಎಂದೆ. ಸುಳ್ಳು. ನಕಾಶೆ ಇದೆ. ಈಗ ನನ್ನ ಎದುರಿಗೇ ಇದೆ, ಗಾಳಿಗೆ ಹಾರದ ಹಾಗೆ ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟಿದ್ದೇನೆ. ಕೊಡುವುದೋ ಬಿಡುವುದೋ ಎಂಬುದನ್ನು ಈ ಕಾಗದ ಮುಗಿಯುವುದರೊಳಗೆ ತೀರ್ಮಾನ ಮಾಡಬೇಕು ಎಂದುಕೊಂಡಿದ್ದೇನೆ. ಕೊಟ್ಟರೆ ಅದರ ಜೊತೆ ಬೇರೆ ಕೆಲವನ್ನೂ ಕೊಡಬೇಕಾಗುತ್ತದೆ.

ನಾನು ಕುಂದಾಪುರದ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷದವರೆಗೆ ಓದಿದವನು. ಅಪ್ಪ ತೀರಿಕೊಂಡದ್ದರಿಂದ ಬಿಟ್ಟು ತೆಂಗಿನಕಾಯಿ ವ್ಯಾಪಾರಕ್ಕೆ ಇಳಿದೆ. ರತ್ನ ಎಸ್ಸೆಸ್ಸೆಲ್ಸಿಯ ಮೇಲೆ ನರ್ಸಿಂಗ್ ಟ್ರೈನಿಂಗ್ ಮಾಡಿಕೊಂಡು ಬೈಂದೂರಿನ ಕಡೆಯ ಉಪಕೇಂದ್ರಕ್ಕೆ ಸೇರಿದವಳು. ಮನೆಯಲ್ಲಿ ಇಂಗ್ಲಿಷ್ ಗೊತ್ತಿದ್ದವನು ನಾನೊಬ್ಬನೇ. ಅವಳ ವರದಿಗಳಲ್ಲಿ ತಪ್ಪು ತಿದ್ದುವವನು ನಾನು. ಔಷಧದ ಪೆಟ್ಟಿಗೆಯ ಮೇಲಿನದನ್ನು ಓದಿ ಹೇಳುವವನು ನಾನು. ನಿಜ ಹೇಳಬೇಕೆಂದರೆ ಅರ್ಧ ಊಹಿಸಿ ಹೇಳುತ್ತಿದ್ದೆ, ಅವಳು ಪೂರ್ತಿ ನಂಬುತ್ತಿದ್ದಳು. ಗಂಡನಾದವನಿಗೆ ಅದೊಂದು ದೊಡ್ಡ ಸುಖ ಮಾರಾಯ್ರೆ. ತೊಂಬತ್ತೇಳರ ಬೇಸಿಗೆಯಲ್ಲಿ ನೀವು ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ವರ್ಗವಾಗಿ ಬಂದಿರಿ, ಆ ಸುಖ ಹೋಯಿತು.

ರೈಲು ಹಳಿಯ ಕೆಲಸ ಮುಗಿಯುತ್ತ ಬಂದ ವರ್ಷ ಅದು. ಘಟ್ಟದ ಆಚೆಯಿಂದ ಬಂದ ಕೂಲಿಗಳ ಶೆಡ್ಡುಗಳು, ಕೆಂಪು ಮುರಕಲ್ಲು ಕಡಿದು ತೆಗೆದ ಕೋರೆಯ ಹೊಂಡಗಳು, ಎಲ್ಲಿ ನೋಡಿದರೂ ನಿಂತ ನೀರು, ಮನೆಮನೆಗೆ ನಡುಕದ ಜ್ವರ. ರತ್ನ ಬೆಳಗ್ಗೆ ಹೋದವಳು ಸಂಜೆ ಕೆಸರು ಕಾಲಿನಲ್ಲಿ ಬರುತ್ತಿದ್ದಳು. ಮೊದಲೆಲ್ಲ ಊಟಕ್ಕೆ ಕೂತರೆ ಅವಳಿಗೆ ಹೇಳಲಿಕ್ಕೆ ಏನೂ ಇರುತ್ತಿರಲಿಲ್ಲ, ನಾನೇ ಮಾತಾಡುತ್ತಿದ್ದೆ. ಆ ವರ್ಷ ಅವಳೇ ಶುರುಮಾಡಿದಳು. ರಾಜೀವಣ್ಣ ಹೀಗೆ ಅಂದರು, ರಾಜೀವಣ್ಣ ಹಾಗೆ ಅಂದರು. ಅಣ್ಣ ಎಂಬ ಮಾತಿನಿಂದ ನನಗೆ ಸಮಾಧಾನ ಆಗಬೇಕಿತ್ತು. ನಮ್ಮೂರಲ್ಲಿ ಬಸ್ ಕಂಡಕ್ಟರೂ ಅಣ್ಣನೇ ಅಲ್ಲವೇ, ಆಗಲಿಲ್ಲ.

ಲಂಡನ್ನಿನ ಒಬ್ಬ ಡಾಕ್ಟರ ಕಥೆ ಅವಳು ಹೇಳಿದ ದಿನ ಮೀನುಸಾರು ಮಾಡಿದ್ದಳು, ಅಷ್ಟು ನೆನಪಿದೆ. ಅಲ್ಲಿ ವಾಂತಿಭೇದಿಗೆ ಜನ ಬೀದಿಬೀದಿಯಲ್ಲಿ ಸಾಯುತ್ತಿದ್ದಾಗ ಎಲ್ಲರೂ ಕೆಟ್ಟ ಗಾಳಿಯ ಕಾರಣ ಎನ್ನುತ್ತಿದ್ದರಂತೆ. ಆತ ಒಬ್ಬ ಮಾತ್ರ ಸತ್ತವರ ಮನೆಗಳನ್ನು ನಕಾಶೆಯ ಮೇಲೆ ಗುರುತು ಮಾಡುತ್ತ ಹೋಗಿ, ಗುರುತುಗಳೆಲ್ಲ ಒಂದು ನೀರಿನ ಪಂಪಿನ ಸುತ್ತ ಮುತ್ತಿಕೊಂಡದ್ದನ್ನು ಕಂಡು, ಅದರ ಹಿಡಿಯನ್ನೇ ಕಳಚಿಸಿದನಂತೆ. ರತ್ನ ತುತ್ತನ್ನು ಕೈಯಲ್ಲೇ ಹಿಡಿದು ಹೇಳಿದಳು: "ಸತ್ತವ್ರನ್ನ ಎಣ್ಸಿರೆ ಸಾಕಾತಿಲ್ಲ ಅಂಬ್ರ್. ಎಲ್ಲೆಲ್ಲಿ ಸತ್ರ್ ಅಂದೇಳಿ ಗುರ್ತ್ ಹಾಕ್ಕ್ ಅಂಬ್ರ್." ಅವಳ ಕಣ್ಣು ಹಾಗೆ ಹೊಳೆದದ್ದನ್ನು ನಮ್ಮ ಮದುವೆಯ ಹೊಸತರಲ್ಲೂ ನಾನು ನೋಡಿರಲಿಲ್ಲ. ನಿಮ್ಮ ಮೇಲೆ ಹೊಟ್ಟೆಕಿಚ್ಚು ಬಂದದ್ದು ಇರಲಿ, ನೂರೈವತ್ತು ವರ್ಷದ ಹಿಂದಿನ ಆ ಇಂಗ್ಲಿಷಿನವನ ಮೇಲೂ ಬಂತು. ಅವನ ಭಾಷೆ ಗೊತ್ತಿದ್ದವನು ನಾನು, ಅವಳಿಗೆ ಅವನ ಕಥೆ ಹೇಳಿದವರು ನೀವು. ಲಂಡನ್ನಿನ ನೀರಿಗೂ ಬೈಂದೂರಿನ ಜ್ವರಕ್ಕೂ ಎಂತ ಸಂಬಂಧ ಎಂದು ಕೊಂಕು ನುಡಿದೆ. ಆಮೇಲೆ ಅವಳು ಸಿಡುಬಿನ ಚುಚ್ಚುಮದ್ದಿನ ಕಥೆ, ಮುಂಬೈಯ ಪ್ಲೇಗಿನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ ಡಾಕ್ಟರ ಕಥೆ, ಏನೇನೋ ಹೇಳಿದಳು. ನಾನು ಮಜ್ಜಿಗೆಯ ಕಡೆ ನೋಡುತ್ತ ಕೇಳಿದೆ.

ಈಗ ಸಹಿಗಳ ವಿಷಯ. ಜ್ವರದ ಸಮೀಕ್ಷೆಗೆ ಹೋದವರು ಮನೆಯ ಬಾಗಿಲ ಹಿಂದಿನ ಗೋಡೆಯಲ್ಲಿ ತಾರೀಕು ಬರೆದು ಸಹಿ ಹಾಕಬೇಕೆಂಬುದು ನಿಮ್ಮ ಇಲಾಖೆಯ ಕ್ರಮ. ಕಾಯಿ ಕೊಳ್ಳಲು ನಾನೂ ಅದೇ ಮನೆಗಳಿಗೆ ಹೋಗುವವನು. ಜುಲೈಯಲ್ಲಿ ಒಂದು ಮನೆಯಲ್ಲಿ ನೀರು ಕೇಳಿ ನಿಂತಾಗ ಬಾಗಿಲು ಗಾಳಿಗೆ ಸರಿಯಿತು. ರತ್ನಳ ಸಹಿ, ಅದರ ಕೆಳಗೆ ನಿಮ್ಮದು, ಒಂದೇ ತಾರೀಕು. ಮಂಗಳವಾರ. ಮಂಗಳವಾರ ಎಂದರೆ ನಾನು ಕಾಯಿಯ ಲೋಡು ತೆಗೆದುಕೊಂಡು ಬ್ರಹ್ಮಾವರಕ್ಕೆ ಹೋಗಿ ಸಂಜೆ ತಿರುಗಿ ಬರುವ ದಿನ. ಆ ದಿನಗಳಲ್ಲಿ ಕುಂದಾಪುರದಲ್ಲಿ ಮೀಟಿಂಗು ಎಂದು ಅವಳು ನನಗೆ ಹೇಳುತ್ತಿದ್ದಳು.

ಅಲ್ಲಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ. ಕಾಯಿ ನೋಡುವ ನೆಪದಲ್ಲಿ ಮನೆಮನೆಯ ಬಾಗಿಲು ಸರಿಸಿ ನೋಡಿದೆ. ಬೀಡಿಕಟ್ಟಿನ ಕಾಗದದ ಮೇಲೆ ತಾರೀಕು, ಮನೆ, ಯಾರ ಸಹಿ ಮೇಲೆ ಯಾರ ಸಹಿ ಕೆಳಗೆ, ಎಲ್ಲ ಬರೆದುಕೊಂಡೆ. ಕಾಲೇಜಿನ ಲಾಜಿಕ್ ಪಾಠದ 'ಸರ್ಕಮ್‌ಸ್ಟಾನ್ಷಿಯಲ್ ಎವಿಡೆನ್ಸು' ಎಂಬ ಮಾತು ಬಾಯಿಗೆ ಬಂದು ಕೂತಿತ್ತು. ಅದೇ ಪಾಠದಲ್ಲಿ ಲ್ಯಾಟಿನ್ನಿನ ಇನ್ನೊಂದು ಮಾತಿತ್ತು, 'ಪೋಸ್ಟ್ ಹಾಕ್' ಎಂದು ಶುರುವಾಗುತ್ತದೆ, ಮುಂದಿನದು ಮರೆತಿದೆ. ಒಂದರ ಬೆನ್ನಿಗೆ ಇನ್ನೊಂದು ಬಂತೆಂದ ಮಾತ್ರಕ್ಕೆ ಅದರಿಂದಲೇ ಇದು ಹುಟ್ಟಿತು ಎನ್ನಬಾರದು ಎಂದು ಅದರ ಅರ್ಥ. ಅದು ಆಗ ನೆನಪಿಗೆ ಬರಲಿಲ್ಲ. ಅತ್ತ ನೀವಿಬ್ಬರೂ ಯಾರು, ಎಲ್ಲಿ, ಯಾವಾಗ ಎಂದು ಜ್ವರದ ಜಾಡು ಹಿಡಿದು ಹೋಗುತ್ತಿದ್ದಿರಿ. ಇತ್ತ ನಾನು ಅದೇ ಮನೆಗಳಲ್ಲಿ, ಅದೇ ಮೂರು ಪ್ರಶ್ನೆ ಕೇಳುತ್ತ, ನಿಮ್ಮ ಜಾಡು ಹಿಡಿದು ಬರುತ್ತಿದ್ದೆ.

ಹಳಿಯ ಪಕ್ಕದ ಅಮ್ಮಣ್ಣಿಯ ಮನೆ ನಿಮಗೆ ನೆನಪಿರಬೇಕು. ಕೋರೆಯಲ್ಲಿ ಕಲ್ಲು ಕಡಿಯುವ ಗುಡ್ಡನ ತಾಯಿ. ಆ ಮನೆಯಲ್ಲಿ ಜುಲೈ ಹದಿನೈದರಿಂದ ಆಗಸ್ಟ್ ಹನ್ನೆರಡರವರೆಗೆ ಐದು ಮಂಗಳವಾರವೂ ಸಾಲಾಗಿ ಇಬ್ಬರ ಸಹಿ. ನಾನು ಬಾಗಿಲ ಸಂದಿಯಲ್ಲಿ ತಲೆ ಹಾಕಿ ಓದುತ್ತಿದ್ದಾಗ ಮುದುಕಿ ಒಳಗಿನಿಂದ ಬಂದಳು. "ಹ್ವಾಯ್, ಕಾಯಿ ಇಪ್ದ್ ಮರದ್ ಮೇಲೆ, ಬಾಗ್ಲ್ ಹಿಂದ್ ಅಲ್ಲ" ಎಂದಳು. ನಾನು ನಗುವ ಹಾಗೆ ಮಾಡಿ, ಇವರು ಬಂದರೆ ಇಲ್ಲಿ ಎಂತ ಮಾಡುತ್ತಾರೆ ಎಂದು ಕೇಳಿದೆ. ಜ್ವರದವರ ಬೆರಳು ಚುಚ್ಚಿ ಆದ ಮೇಲೆ ಇಬ್ಬರೂ ಜಗಲಿಯಲ್ಲಿ ಒಂದು ಕಾಗದ ಹರಡಿಕೊಂಡು ತಾಸುಗಟ್ಟಲೆ ತಲೆ ತಗ್ಗಿಸಿ ಕೂರುತ್ತಾರೆ, ಒಮ್ಮೊಮ್ಮೆ ಜಗಳ ಆಡುತ್ತಾರೆ, ಆಮೇಲೆ ನಗುತ್ತಾರೆ ಎಂದಳು. ಜಗಳ ಎಂದದ್ದೇ ನನಗೆ ಹೆಚ್ಚು ಚುಚ್ಚಿತು. ನನ್ನ ಜೊತೆ ಅವಳು ಜಗಳ ಆಡಿದವಳೇ ಅಲ್ಲ. ನಾನು ಹೇಳಿದ್ದಕ್ಕೆ ಹೂಂ ಎನ್ನುತ್ತಿದ್ದಳು. ಅದನ್ನು ಅಷ್ಟು ವರ್ಷ ಪ್ರೀತಿ ಎಂದುಕೊಂಡಿದ್ದೆ.

ಆಗಸ್ಟ್ ಇಪ್ಪತ್ತರ ಸಂಜೆ ಅವಳು ಮನೆಗೆ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ಸಿಕಂದರಾಬಾದಿನಲ್ಲಿ ಒಬ್ಬ ಮಿಲಿಟರಿ ಡಾಕ್ಟರು ಸೊಳ್ಳೆಯ ಹೊಟ್ಟೆ ಸೀಳಿ ಕಂಡುಹಿಡಿದು ಅವತ್ತಿಗೆ ಸರಿಯಾಗಿ ನೂರು ವರ್ಷವಂತೆ. ನೀವು ಉಪಕೇಂದ್ರದಲ್ಲಿ ಎಲ್ಲರಿಗೂ ಶೇಂಗಾ ಚಿಕ್ಕಿ ಹಂಚಿ ಭಾಷಣ ಮಾಡಿದ್ದಿರಿ. ನನಗೆಂದು ಒಂದು ಚಿಕ್ಕಿಯನ್ನು ಅವಳು ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದಳು. ಉಮೇದಿನಿಂದ ಹೇಳುತ್ತ ಹೇಳುತ್ತ, ನಡುವೆ ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟಳು. ಏನೋ ಹೇಳಲು ಬಾಯಿ ತೆರೆದವಳು, ಮಜ್ಜಿಗೆ ಹಾಕಲೇ ಎಂದು ಕೇಳಿದಳು. ನಾನು ಅದನ್ನು ಪಾಪದ ಭಯ ಎಂದು ಓದಿದೆ. ಆ ಚಿಕ್ಕಿ ತಿನ್ನಲಿಲ್ಲ. ಅವಳು ಪಾತ್ರೆ ತೊಳೆಯಲು ಹೋದ ಹೊತ್ತಿನಲ್ಲಿ ಎಡಗೈಯಲ್ಲಿ ಪೆನ್ನು ಹಿಡಿದು ನಿಮ್ಮ ಮೇಲಧಿಕಾರಿಗಳಿಗೆ ಮೂಗರ್ಜಿ ಬರೆದೆ.

ಹೌದು, ನಾನೇ. ನೀವು ಹೆಂಗಸರ ಜೊತೆ ಸರಿಯಾಗಿ ನಡೆದುಕೊಳ್ಳುವುದಿಲ್ಲವೆಂದೂ, ಊರಿನ ಮರ್ಯಾದೆ ಹೋಗುತ್ತಿದೆಯೆಂದೂ, ಗೌರವಸ್ಥ ಸಂಸಾರಗಳು ಒಡೆಯುತ್ತಿವೆಯೆಂದೂ ಬರೆದೆ. 'ಇಮ್ಮಾರಲ್ ಟ್ರಾಫಿಕ್' ಎಂಬ ಮಾತನ್ನೂ ತೂರಿಸಿದೆ. ಅದು ಹೆಂಗಸರನ್ನು ಮಾರುವ ದಂಧೆಗೆ ಹೇಳುವ ಮಾತೆಂದು ಬಹಳ ವರ್ಷದ ಮೇಲೆ ಪೇಪರಿನಲ್ಲಿ ಓದಿ ತಿಳಿಯಿತು. ರತ್ನಳ ಹೆಸರು ಬರೆಯಲಿಲ್ಲ. ಅದೊಂದು ದೊಡ್ಡ ಉಪಕಾರ ಎಂದುಕೊಂಡಿದ್ದೆ. ಸೆಪ್ಟೆಂಬರ್ ನಡುವಿಗೆ ನಿಮ್ಮನ್ನು ಬ್ರಹ್ಮಾವರದ ಕಡೆಗೆ ಎತ್ತಿ ಹಾಕಿದರು. ನಿಮ್ಮ ಜಾಗಕ್ಕೆ ಮಾರ್ಚಿನವರೆಗೆ ಯಾರೂ ಬರಲಿಲ್ಲ.

ಆಮೇಲಿನದು ನೀವು ಇಲ್ಲದಾಗ ಆದದ್ದು, ಆದ್ದರಿಂದ ಬರೆಯುತ್ತೇನೆ. ಹಳಿಯ ಹತ್ತಿರ ನನ್ನ ಕಾಯಿಯ ಗೋದಾಮು ಇತ್ತಲ್ಲ, ಅದನ್ನು ಕಟ್ಟುವಾಗ ಗೋಡೆಗೆ ನೀರು ಹೊಡೆಯಲಿಕ್ಕೆಂದು ಒಂದು ದೊಡ್ಡ ಸಿಮೆಂಟ್ ತೊಟ್ಟಿ ಮಾಡಿಸಿದ್ದೆ. ಕೆಲಸ ಮುಗಿದ ಮೇಲೂ ಒಡೆಸಲಿಲ್ಲ. ಕೂಲಿಯವರು, ಸುತ್ತಲ ಮನೆಯ ಹೆಂಗಸರು ಅದರ ನೀರು ಒಯ್ಯುತ್ತಿದ್ದರು. ಪುಣ್ಯದ ಕೆಲಸ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಒಪ್ಪಿಕೊಂಡಿದ್ದೆ. ನವರಾತ್ರಿಯಲ್ಲಿ ಆಯುಧಪೂಜೆಗೆಂದು ಗೋದಾಮು ತೊಳೆಸುವಾಗ ತೊಟ್ಟಿಗೆ ಇಣುಕಿದರೆ ಚಿಕ್ಕಚಿಕ್ಕ ಮೀನುಗಳು, ನೂರಾರು. ನನ್ನ ಕಾಯಿಗಳು ದೇವಸ್ಥಾನಗಳಿಗೆ ಹೋಗುವಂಥವು, ಆ ನೀರಿನಲ್ಲೇ ತೊಳೆದು ಕಳಿಸುವುದು. ಕೂಲಿಯವರು ತಿನ್ನಲಿಕ್ಕೆ ನನ್ನ ತೊಟ್ಟಿಯಲ್ಲಿ ಮೀನು ಸಾಕಿದ್ದಾರೆ ಎಂದು ಸಿಟ್ಟು ಬಂತು. ನೀರೆಲ್ಲ ಖಾಲಿ ಮಾಡಿಸಿ, ಮೀನುಗಳನ್ನು ಚರಂಡಿಗೆ ಗುಡಿಸಿ, ಸುಣ್ಣ ಬಳಿಸಿ, ಹೊಸ ನೀರು ತುಂಬಿಸಿ, ಅರಸಿನ ಕುಂಕುಮ ಹಚ್ಚಿ ಪೂಜೆ ಮಾಡಿದೆ.

ಸೆಪ್ಟೆಂಬರಿನಲ್ಲಿ ಇಳಿದಿದ್ದ ಜ್ವರ ನವೆಂಬರಿನಲ್ಲಿ ಮತ್ತೆ ಎದ್ದಿತು. ಗುಡ್ಡನಿಗೆ ಬಂತು. ಮುರಕಲ್ಲನ್ನು ಒಂದೇ ಏಟಿಗೆ ಸೀಳುತ್ತಿದ್ದ ಆಳು. ರತ್ನ ರಕ್ತ ತೆಗೆದು ಮಾತ್ರೆ ಕೊಟ್ಟು ಸ್ಲೈಡು ಕಳಿಸಿದಳು. ನೀವಿದ್ದಾಗ ಸ್ಲೈಡುಗಳನ್ನು ಅದೇ ಸಂಜೆ ಬಸ್ಸಿನಲ್ಲಿ ಸ್ವತಃ ಲ್ಯಾಬಿಗೆ ಮುಟ್ಟಿಸುತ್ತಿದ್ದಿರಂತೆ. ಈಗ ಒಯ್ಯುವವರಿರಲಿಲ್ಲ. ರಿಪೋರ್ಟು ಬರುವ ಹೊತ್ತಿಗೆ ಜ್ವರ ಮಿದುಳಿಗೆ ಏರಿ ಗುಡ್ಡ ತೀರಿಕೊಂಡು ಒಂಬತ್ತು ದಿನವಾಗಿತ್ತು. ಅವತ್ತು ರತ್ನ ಮನೆಗೆ ಬಂದು ಕಾಲು ಕೂಡ ತೊಳೆಯದೆ ನನ್ನೆದುರು ನಿಂತಳು. "ಆ ತೊಟ್ಟಿ ಒಡ್ಸಿ ಹಾಕಿ. ಎಂತಕ್ ಅಂದೇಳಿ ನನ್ ಹತ್ರ ಕೇಂಬುಕಿಲ್ಲ" ಎಂದಳು. ನಾನು ಕೇಳಲಿಲ್ಲ. ಮರುದಿನವೇ ಒಡೆಸಿದೆ. ಅವಳು ನನಗೆ ಎದುರಾಡಿದ್ದು ಆ ಒಂದು ಸಲ.

ಆಮೇಲೆ ಹದಿನಾಲ್ಕು ವರ್ಷ ಬದುಕಿದೆವು. ಹೊತ್ತಿಗೆ ಸರಿಯಾಗಿ ಬಡಿಸಿದಳು, ನನಗೆ ಕಣ್ಣಿನ ಆಪರೇಷನ್ ಆದಾಗ ತಿಂಗಳು ಪೂರ್ತಿ ಮದ್ದು ಹಾಕಿದಳು. ಊಟದ ಹೊತ್ತಿಗೆ ಕಥೆ ಹೇಳುವುದು ಮಾತ್ರ ನಿಂತಿತು. ನಾನೇ ಒಂದೆರಡು ಸಲ, ಆ ಲಂಡನ್ನಿನ ಡಾಕ್ಟರು ಕೊನೆಗೆ ಏನಾದ ಎಂದು ಕೇಳಿದೆ. ಮರೆತುಹೋಯಿತು ಎಂದಳು. ಕಳೆದ ವರ್ಷ ಅವಳು ಹೋದ ಮೇಲೆ ಟ್ರಂಕಿನಲ್ಲಿ ಯೂನಿಫಾರ್ಮ್ ಸೀರೆಗಳ ಅಡಿಯಲ್ಲಿ ಈ ನಕಾಶೆ ಸಿಕ್ಕಿತು, ಅದರೊಳಗೆ ಒಂದು ಸಣ್ಣ ನೋಟ್‌ಬುಕ್ಕು. ಆಗಸ್ಟ್ ಹತ್ತೊಂಬತ್ತು, ಮಂಗಳವಾರ, ಅವಳ ದುಂಡು ಅಕ್ಷರ: "ಕೋರೆ ಅಲ್ಲ. ನಮ್ಮ ತೊಟ್ಟಿ. ಸೊಳ್ಳೆ ಮರಿಗಳು ತುಂಬಾ ಇವೆ. ಇವರಿಗೆ ಆ ನೀರಿನ ಮೇಲೆ ಅಭಿಮಾನ, ಹೇಳಿದರೆ ನೊಂದುಕೊಂಡಾರು. ಮೊದಲು ಜ್ವರ ನಿಲ್ಲಲಿ." ಇಪ್ಪತ್ತಾರರಂದು: "ತೊಟ್ಟಿಗೆ ಗಪ್ಪಿ ಮೀನು ಬಿಟ್ಟೆವು, ಸೊಳ್ಳೆ ಮರಿಗಳನ್ನು ತಿನ್ನುತ್ತವೆ. ಇವರು ಬ್ರಹ್ಮಾವರದಲ್ಲಿ."

ಮಂಗಳವಾರಗಳ ಅರ್ಥ ಅಷ್ಟೇ. ಅವಳಿಗೆ ಜುಲೈಯಿಂದಲೇ ಅನುಮಾನ ಇದ್ದಿರಬೇಕು. ನನ್ನನ್ನು ತಪ್ಪಿಸಿ ನನ್ನ ತೊಟ್ಟಿಯನ್ನು ನೋಡಲಿಕ್ಕೆ ಬೇರೆ ದಿನ ಇರಲಿಲ್ಲ. ಇಪ್ಪತ್ತರ ಸಂಜೆ ಅವಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದ್ದೂ ಅದಕ್ಕೇ. ಇದನ್ನು ಓದಿದ ಮೇಲೆ ನನ್ನ ಹೊಟ್ಟೆಕಿಚ್ಚು ಸಾಯಬೇಕಿತ್ತು ಅಲ್ಲವೇ? ಸಾಯಲಿಲ್ಲ, ಇನ್ನೂ ಬೆಳೆಯಿತು. ನೀವು ಕದ್ದು ಸೇರುತ್ತಿದ್ದಿರಿ ಎಂದಿದ್ದರೆ ನಾನು ಕ್ಷಮಿಸಿಯಾದರೂ ದೊಡ್ಡವನಾಗಬಹುದಿತ್ತು. ನನ್ನ ತಪ್ಪನ್ನು ಅವಳು ನನಗೆ ಹೇಳದೆ ನಿಮಗೆ ಹೇಳಿದಳು. ನಾನು ನೊಂದುಕೊಂಡೇನು ಎಂದು ನೀವಿಬ್ಬರೂ ಕೂತು ಯೋಚನೆ ಮಾಡಿದಿರಿ. ಹೆಂಡತಿಯ ಮರುಕವನ್ನು ಇನ್ನೊಬ್ಬ ಗಂಡಸಿನ ಜೊತೆ ಹಂಚಿಕೊಂಡು ಉಂಡವನು ನಾನು. ಇದನ್ನು ಯಾವ ಮೂಗರ್ಜಿಯಲ್ಲಿ ಬರೆಯಲಿ?

ಒಂದು ಪ್ರಶ್ನೆಗೆ ಮಾತ್ರ ನಿಮ್ಮ ಹತ್ತಿರವೇ ಉತ್ತರ ಇದೆ. ವಿಚಾರಣೆಯಲ್ಲಿ ಆ ಅರ್ಜಿಯನ್ನು ನಿಮಗೆ ತೋರಿಸಿರಬೇಕು. ಆ ಇಂಗ್ಲಿಷು, ಆ ಧಾಟಿ ಯಾರದೆಂದು ನಿಮಗೆ ಗೊತ್ತಾಗದೆ ಇರಲಿಕ್ಕಿಲ್ಲ. ಅವಳಿಗೆ ಹೇಳಿದಿರೇ? ಅವಳ ಕಥೆಗಳು ನಿಂತದ್ದು ಗುಡ್ಡ ಸತ್ತದ್ದಕ್ಕೋ ಅಥವಾ ಅದಕ್ಕೂ ಮೊದಲೇ, ನೀವು ವರ್ಗವಾಗಿ ಹೋದ ವಾರದಿಂದಲೋ ಎಂದು ಎಷ್ಟು ತಾಳೆ ಹಾಕಿದರೂ ನನಗೆ ಬಗೆಹರಿಯುವುದಿಲ್ಲ. ಒಂದು ಕಾರ್ಡು ಬರೆಯಿರಿ. ಅವಳಿಗೆ ಗೊತ್ತಿತ್ತು ಎಂದಾದರೆ ಗೊತ್ತಿತ್ತು ಎಂದೇ ಬರೆಯಿರಿ. ನಾನು ನೊಂದುಕೊಂಡೇನು ಎಂದು ನೀವೂ ಲೆಕ್ಕ ಹಾಕಬೇಡಿ, ಅದು ಅವಳೊಬ್ಬಳಿಗೇ ಇದ್ದ ಹಕ್ಕು.

ನಕಾಶೆ ಕಳಿಸುತ್ತಿದ್ದೇನೆ. ನಲವತ್ತಮೂರು ಕೆಂಪು ಚುಕ್ಕೆಗಳಿವೆ. ಹಳಿ, ಕೋರೆ, ಬಾವಿಗಳು, ಒಂದೊಂದು ಮನೆ, ಎಲ್ಲ ಇವೆ. ಗೋದಾಮಿನ ಮಗ್ಗುಲಲ್ಲಿ ಮಾತ್ರ ಒಂದು ಅಂಗೈ ಅಗಲ ಖಾಲಿ ಬಿಟ್ಟಿದ್ದಾಳೆ, ಚುಕ್ಕೆಗಳೆಲ್ಲ ಅದರ ಸುತ್ತ ಜೇನಿನ ಹಾಗೆ ಮುತ್ತಿವೆ. ಕಂಡುಹಿಡಿದದ್ದನ್ನೇ ಬರೆಯದ ನಕಾಶೆ. ಈ ಮಧ್ಯಾಹ್ನ ಮೂರು ಸಲ ಪೆನ್ನು ತೆಗೆದು ಮೂರು ಸಲ ಮುಚ್ಚಿಟ್ಟೆ. ಈಗ ಬರೆದೆ. ಬಲಗೈಯಲ್ಲಿ, ನನ್ನದೇ ಅಕ್ಷರದಲ್ಲಿ: 'ಪ್ರೇಮಾನಂದನ ನೀರಿನ ತೊಟ್ಟಿ'. ಪಕ್ಕದಲ್ಲಿ ಗುಡ್ಡನ ಹೆಸರು, ಅವನು ಹೋದ ತಿಂಗಳು. ಹುಡುಗಿಯರಿಗೆ ತೋರಿಸುವಾಗ ಇದನ್ನು ಮುಚ್ಚಬೇಡಿ. ಮೀನುಗಳನ್ನು ಚರಂಡಿಗೆ ಹಾಕಿಸಿದವನು ಯಾರೆಂದೂ ಹೇಳಿ, ಮೂಗರ್ಜಿಯ ವಿಷಯವನ್ನೂ ಹೇಳಿ. ಅವರು ನಾಳೆ ಮನೆಮನೆಗೆ ಹೋಗುವವರು, ಬಾಗಿಲ ಹಿಂದೆ ಯಾರು ಯಾರು ಇಣುಕುತ್ತಾರೆ ಎಂಬುದೂ ಅವರಿಗೆ ತಿಳಿದಿರಲಿ.

ಒಂದೇ ಷರತ್ತು. ನಿನ್ನೆ ನೀವೇ ಹೇಳಿದಿರಿ, "ನಾನ್ ಕೋರೆ ಅಂದಿದ್ದೆ. ಅಲ್ಲ ಅಂದೇಳಿ ಹಟ ಹಿಡ್ದದ್ ಸಿಸ್ಟ್ರೇ" ಎಂದು. ಹಾಗಾದರೆ ನಕಾಶೆಯ ಕೆಳಗೆ ರತ್ನಳ ಹೆಸರು ಒಂದೇ ಇರಲಿ, ನಿಮ್ಮದು ಸೇರಿಸಬೇಡಿ. ಗೋಡೆಗಳ ಮೇಲೆ ಅವಳ ಸಹಿಯ ಕೆಳಗೆ ನಿಮ್ಮದಿತ್ತು, ಈಗ ಆ ಗೋಡೆಗಳಿಗೆಲ್ಲ ಬಣ್ಣ ಬಳಿದಾಗಿದೆ. ಈ ಕಾಗದದ ಮೇಲೆ ಇರುವುದು ಅವಳು ಮತ್ತು ನಾನು. ಅಪರಾಧಿಯಾಗಿಯೇ ಇರಲಿ, ಅವಳ ಜೊತೆ ಇದ್ದೇನೆ.

ಇನ್ನೂ ಏನೋ ಬರೆಯಬೇಕೆಂದಿದ್ದೆ. ಗೆರೆಗಳು ಒಂದರ ಮೇಲೊಂದು ಏರುತ್ತಿರುವುದು ಈಗ ಕಾಣಿಸಿತು, ಕಣ್ಣಿನ ತೊಂದರೆ ಎಂದುಕೊಂಡೆ, ತಲೆ ಎತ್ತಿದರೆ ಅಂಗಳದಲ್ಲಿ ಬೆಳಕೇ ಉಳಿದಿಲ್ಲ. ಚುಕ್ಕೆಗಳು ಕಾಗದದಲ್ಲಿ ಕರಗಿಹೋಗಿವೆ, ನಾನು ಬರೆದದ್ದೂ ಕಾಣುವುದಿಲ್ಲ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿಮ್ಮ ಮಂಡಿನೋವು ಕಡಿಮೆಯಾಗಲಿ. ನಿಮ್ಮ ಮಾತು ಕೇಳುವ ಹುಡುಗಿಯರ ಕಾಲಿಗೆ ಗದ್ದೆಯ ಅಂಚು ಜಾರದಿರಲಿ, ಅವರು ಮುಟ್ಟಿದ ಮನೆಗಳಲ್ಲಿ ಜ್ವರ ಇಳಿಯಲಿ.

ನಿಮಗೆ ಕೆಟ್ಟದ್ದು ಮಾಡಿದ, ಇನ್ನೂ ಹೊಟ್ಟೆಕಿಚ್ಚು ಬಿಡದ,
ಪ್ರೇಮಾನಂದ